‘ಘಟಶ್ರಾದ್ಧ’ ಅಂದರೆ ನಮ್ಮ ಸಂಘಕ್ಕೆ ಯಾಕಿಷ್ಟು ಭಯ?

ಈ ಸಲದ ಪತ್ರ ಸ್ವಲ್ಪ ಉದ್ದ, ಸ್ವಲ್ಪ ಖಾರ. ಆಫೀಸಿನಲ್ಲಿ ಬಿಲ್ಡ್ ಓಡುತ್ತಿರುವಾಗ ಓದಿ, ಅಥವಾ ಶನಿವಾರ ಮಗುವನ್ನು ಈಜು ಕ್ಲಾಸಿಗೆ ಬಿಟ್ಟು ಕಾರಿನಲ್ಲಿ ಕೂತಿರುವಾಗ ಓದಿ. ಓದಿ ಬೈಯಬೇಕು ಅನಿಸಿದರೆ ನನಗೇ ಬೈಯಿರಿ. ನನ್ನ ಹೆಂಡತಿಗೆ ಫೋನ್ ಮಾಡಿ "ಏನಮ್ಮಾ, ನಿಮ್ಮ ಯಜಮಾನರಿಗೆ ಏನಾಗಿದೆ" ಅಂತ ಕೇಳಬೇಡಿ. ಹೋದ ಸಲ ಹಾಗೆ ಕೇಳಿದವರು ಮೂವರು.

ವಿಷಯಕ್ಕೆ ಬರುತ್ತೇನೆ. ನಮ್ಮ ಕನ್ನಡ ಸಂಘದಲ್ಲಿ ನಾನು ಆರು ವರ್ಷದಿಂದ ಮೈಕು, ಪ್ರೊಜೆಕ್ಟರು, ಕೇಬಲ್ಲು ನೋಡಿಕೊಳ್ಳುವ ಸ್ವಯಂಸೇವಕ. ವೇದಿಕೆ ಮೇಲೆ ಹತ್ತಿದವನಲ್ಲ, ಸಮಿತಿಯಲ್ಲಿ ಮಾತಾಡಿದವನೂ ಅಲ್ಲ. ಮೊದಲ ಬಾರಿ ಬಾಯಿ ಬಿಟ್ಟು ಒಂದು ಪ್ರಸ್ತಾಪ ಇಟ್ಟೆ: ವರ್ಷಕ್ಕೊಂದು ಭಾನುವಾರ ಒಂದು ಒಳ್ಳೆಯ ಕನ್ನಡ ಚಿತ್ರ ತೋರಿಸೋಣ, ಮೊದಲನೆಯದು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಆಗಲಿ. ಅನುಮತಿಗೆ ಬರೆಯುವ ಕೆಲಸ ನನ್ನದು, ಸಬ್‌ಟೈಟಲ್ ನೋಡಿಕೊಳ್ಳುವುದೂ ನನ್ನದೇ.

ಬಂದ ಉತ್ತರಗಳು ಹೀಗಿದ್ದವು. ಒಬ್ಬರು: "ಅವಾರ್ಡ್ ಫಿಲ್ಮಾ? ಜನ ನಿದ್ದೆ ಮಾಡ್ತಾರೆ ಕಣಯ್ಯಾ." ಇನ್ನೊಬ್ಬರು: "ಫ್ಯಾಮಿಲಿ ಆಡಿಯನ್ಸ್ ಇರುತ್ತೆ, ಅದರಲ್ಲಿ ಅಬಾರ್ಷನ್ನು ಗಿಬಾರ್ಷನ್ನು ಇದೆಯಂತಲ್ಲ." ಮೂರನೆಯವರು ಹಿರಿಯರು, ಪ್ರೀತಿಯಿಂದಲೇ ಹೇಳಿದರು: "ಆ ಕಾಲ ಹೋಯ್ತು ಮಾರಾಯ. ನಾವೇ ಮರೆತದ್ದನ್ನ ನಮ್ಮ ಮಕ್ಕಳಿಗೆ, ಈ ದೇಶದವರಿಗೆ ತೋರ್ಸಿ ಮರ್ಯಾದೆ ಯಾಕೆ ಕಳ್ಕೋಬೇಕು?" ಐದು ನಿಮಿಷದಲ್ಲಿ ವಿಷಯ ಮುಗಿಯಿತು. ಮುಂದಿನ ಮುಕ್ಕಾಲು ಗಂಟೆ ಯಾವ ಗಾಯಕರನ್ನು ಕರೆಸಬೇಕು, ಅವರ ಜೊತೆ ಎಷ್ಟು ಜನ ವಾದ್ಯದವರು ಬರುತ್ತಾರೆ, ಎಲ್ಲರಿಗೂ ಹೋಟೆಲ್ಲೋ ಅಥವಾ ಯಾರದಾದರೂ ಮನೆಯೋ ಎಂಬ ಚರ್ಚೆ. ಆ ಖರ್ಚಿನ ಮೊತ್ತ ಇಲ್ಲಿ ಬರೆದರೆ ಬೇರೆಯೇ ಜಗಳ ಶುರುವಾಗುತ್ತದೆ, ಬಿಡಿ.

ನನಗೆ ಮೊದಲ ಉತ್ತರದ ಮೇಲೆ ಸಿಟ್ಟಿಲ್ಲ. ಬೋರ್ ಆಗುವವರಿಗೆ ಆಗಲಿ, ಅದು ಅವರವರ ರುಚಿ. ಎರಡನೆಯದರ ಬಗ್ಗೆ ನಗು ಬರುತ್ತದೆ: ಕಳೆದ ದೀಪಾವಳಿಗೆ ಅದೇ ಫ್ಯಾಮಿಲಿ ಆಡಿಯನ್ಸ್ ಮುಂದೆ ಎಂಟು ವರ್ಷದ ಹುಡುಗಿಯರು ಯಾವ ಹಾಡಿಗೆ ಸೊಂಟ ಕುಣಿಸಿದರು ಅಂತ ಧ್ವನಿ ವ್ಯವಸ್ಥೆ ನೋಡಿಕೊಂಡ ನನಗೆ ಚೆನ್ನಾಗಿ ಗೊತ್ತು. ಟ್ರ್ಯಾಕ್ ಹಾಕಿದವನೇ ನಾನು. ನಾನು ಈ ಪತ್ರ ಬರೆಯುತ್ತಿರುವುದು ಆ ಮೂರನೆಯ ಮಾತಿಗೆ. "ಆ ಕಾಲ ಹೋಯ್ತು" ಮತ್ತು "ಮರ್ಯಾದೆ". ಈ ಎರಡು ಪದಗಳ ನಡುವೆಯೇ ಆ ಚಿತ್ರ ಕೂತಿದೆ.

ನೋಡದವರಿಗಾಗಿ ಕತೆ ಚುಟುಕಾಗಿ. ಯು.ಆರ್. ಅನಂತಮೂರ್ತಿಯವರ ಕತೆ, 1977ರ ಕಪ್ಪುಬಿಳುಪು ಚಿತ್ರ. ಕಾಸರವಳ್ಳಿಯವರಿಗೆ ಆಗ ಇಪ್ಪತ್ತಾರು ಇಪ್ಪತ್ತೇಳು ವರ್ಷ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದು ಮಾಡಿದ ಮೊದಲ ಚಿತ್ರ. (ಆ ವಯಸ್ಸಿನಲ್ಲಿ ನಾನು ಮೊದಲ ವೀಸಾ ಸ್ಟಾಂಪಿಂಗಿಗೆ ಸಾಲಿನಲ್ಲಿ ನಿಂತಿದ್ದೆ.) ಸದಾನಂದ ಸುವರ್ಣರು ನಿರ್ಮಾಪಕರು, ಎಸ್. ರಾಮಚಂದ್ರ ಅವರ ಕ್ಯಾಮೆರಾ, ಬಿ.ವಿ. ಕಾರಂತರ ಸಂಗೀತ. ಆ ವರ್ಷ ಇಡೀ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಇದಕ್ಕೆ ಬಂತು.

1920ರ ದಶಕದ ಮಲೆನಾಡು. ಶೇಷಗಿರಿ ಉಡುಪರ ವೇದಪಾಠಶಾಲೆಗೆ ನಾಣಿ ಎಂಬ ಪುಟ್ಟ ಹುಡುಗ ಓದಲು ಬರುತ್ತಾನೆ. ಮನೆ ನೆನಪಾಗಿ ಅಳುವ ಹುಡುಗನಿಗೆ, ದೊಡ್ಡ ಹುಡುಗರ ಕೈಯಲ್ಲಿ ಪೆಟ್ಟು ತಿನ್ನುವ ಹುಡುಗನಿಗೆ ಅಲ್ಲಿ ಸಿಗುವ ಒಂದೇ ಮಡಿಲು ಉಡುಪರ ಮಗಳು ಯಮುನಾ. ಯಮುನಾ ಬಾಲವಿಧವೆ. ಊರಿನ ಶಾಲೆಯ ಮೇಷ್ಟರ ಜೊತೆ ಅವಳ ಸಂಬಂಧ, ಅವಳು ಬಸುರಿ. ಉಡುಪರು ಪಾಠಶಾಲೆಗೆ ಹಣ ಕೂಡಿಸಲು ಊರೂರು ಸುತ್ತಲು ಹೋದ ಹೊತ್ತಿನಲ್ಲಿ ಸುದ್ದಿ ಹಬ್ಬುತ್ತದೆ. ಅವಳು ಹಾವಿನ ಹುತ್ತಕ್ಕೆ ಕೈ ಹಾಕಿ ಸಾಯಲು ನೋಡುತ್ತಾಳೆ, ಸಾವೂ ಬರುವುದಿಲ್ಲ. ಮೇಷ್ಟರು ಗರ್ಭ ತೆಗೆಸುವ ಏರ್ಪಾಟು ಮಾಡಿ ತಾವು ಜಾಗ ಖಾಲಿ ಮಾಡುತ್ತಾರೆ. ವಾಪಸು ಬಂದ ತಂದೆ, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾರೆ. ಮಣ್ಣಿನ ಗಡಿಗೆ ಒಡೆಯುವುದು, ಇನ್ನು ಇವಳು ನಮ್ಮ ಪಾಲಿಗೆ ಇಲ್ಲ ಅನ್ನುವುದು. ಅದೇ ಘಟಶ್ರಾದ್ಧ. ಕೊನೆಗೆ ತಲೆ ಬೋಳಿಸಿದ ಯಮುನಾ ಒಬ್ಬಳೇ ಉಳಿಯುತ್ತಾಳೆ, ಹುಡುಗನನ್ನು ಅವನ ಮನೆಯವರು ಕರೆದುಕೊಂಡು ಹೋಗುತ್ತಾರೆ. ಇದೆಲ್ಲದರ ನಡುವೆ ವಯಸ್ಸಾದ ಉಡುಪರಿಗೆ ಚಿಕ್ಕ ಹುಡುಗಿಯೊಬ್ಬಳ ಜೊತೆ ಮರುಮದುವೆಯ ಮಾತುಕತೆ ಬೇರೆ!

ನಾನಿದನ್ನು ಮೊದಲು ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ, ರೂಂಮೇಟ್ ತಂದ ಕೆಟ್ಟ ವಿಸಿಡಿಯಲ್ಲಿ. ಅರ್ಧ ದೃಶ್ಯಗಳಲ್ಲಿ ಮುಖವೇ ಕಾಣುವುದಿಲ್ಲ, ಕತ್ತಲೆ. ಮಾತು ಗೊರಗೊರ. ಆದರೂ ಆರು ಹುಡುಗರು ಎದ್ದು ಹೋಗದೆ ನೋಡಿದೆವು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಈಗ ಅನಿಸುತ್ತದೆ: ಚಿತ್ರ ಯಮುನಾಳನ್ನು ನಾಣಿಯ ಕಣ್ಣಿನಿಂದ ನೋಡುತ್ತದೆ. ಹುಡುಗನಿಗೆ ಏನು ನಡೆಯುತ್ತಿದೆ ಅಂತ ಪೂರ್ತಿ ಅರ್ಥವಾಗುವುದಿಲ್ಲ. ಇವಳು ನನಗೆ ಊಟ ಹಾಕಿದವಳು, ನನ್ನ ಕಣ್ಣೀರು ಒರೆಸಿದವಳು, ಇವಳನ್ನು ಎಲ್ಲರೂ ಯಾಕೆ ಹೀಗೆ ಮಾಡುತ್ತಿದ್ದಾರೆ, ಇಷ್ಟೇ ಅವನ ಪ್ರಶ್ನೆ. ಭಾಷಣವಿಲ್ಲ. ತೀರ್ಪಿಲ್ಲ. ಮೀನಾ ಕುಟ್ಟಪ್ಪ ಆ ಯಮುನಾ. ನಾಣಿ ಪಾತ್ರದ ಅಜಿತ್ ಕುಮಾರನಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ಈಗ ನಮ್ಮ ಹಿರಿಯರ ಮಾತಿಗೆ ಬರೋಣ. "ಈ ದೇಶದವರಿಗೆ ತೋರಿಸಿ ಮರ್ಯಾದೆ ಕಳ್ಕೋಬೇಕಾ?"

ಸ್ವಾಮಿ, ಈ ದೇಶದವರು ಆಗಲೇ ನೋಡಿದ್ದಾರೆ. ನೋಡಿದ್ದಷ್ಟೇ ಅಲ್ಲ, ದುಡ್ಡು ಹಾಕಿ ಉಳಿಸಿಕೊಟ್ಟಿದ್ದಾರೆ! 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿಯ ಮೊದಲ ಪ್ರದರ್ಶನ ಆಯಿತು. ಆ ಕೆಲಸ ಮಾಡಿದ್ದು ಮಾರ್ಟಿನ್ ಸ್ಕಾರ್ಸೇಸಿ ಕಟ್ಟಿದ ಫಿಲ್ಮ್ ಫೌಂಡೇಷನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಜೊತೆ. ಹಣ ಕೊಟ್ಟದ್ದು ಹಾಬ್ಸನ್/ಲ್ಯೂಕಸ್ ಫ್ಯಾಮಿಲಿ ಫೌಂಡೇಷನ್. ಲ್ಯೂಕಸ್ ಅಂದರೆ ಅದೇ ‘ಸ್ಟಾರ್ ವಾರ್ಸ್’ ಜಾರ್ಜ್ ಲ್ಯೂಕಸ್. ನಮ್ಮ ಮಕ್ಕಳು ಹ್ಯಾಲೋವೀನಿಗೆ ಯಾರ ಪಾತ್ರದ ಮುಖವಾಡ ಹಾಕಿಕೊಂಡು ಮನೆಮನೆ ಸುತ್ತುತ್ತಾರೋ ಅವರು. ಅವರ ಸ್ಕೈವಾಕರ್ ರ‍್ಯಾಂಚ್ ಇರುವುದು ನಮ್ಮ ಬೇ ಏರಿಯಾದಲ್ಲೇ, ಗೋಲ್ಡನ್ ಗೇಟ್ ಸೇತುವೆ ದಾಟಿ ಆಚೆ ಕಡೆ. ಅಂದರೆ, ಮಲೆನಾಡಿನ ಒಂದು ಅಗ್ರಹಾರದ ಕತೆಯನ್ನು ಬೂಸ್ಟು ಹಿಡಿಯದಂತೆ ಕಾಪಾಡಿದ ದುಡ್ಡು, ಸಾವಿರಾರು ಕನ್ನಡಿಗರು ಮನೆ ಮಾಡಿಕೊಂಡಿರುವ ಈ ಕೊಲ್ಲಿಯ ಇನ್ನೊಂದು ದಡದಿಂದ ಬಂತು. ನಮ್ಮ ದಡದಿಂದ ಅಲ್ಲ.

ಈ ಕೆಲಸ ಎಷ್ಟು ದೊಡ್ಡದು ಅಂತ ನಮ್ಮಂಥ ಕಂಪ್ಯೂಟರ್ ಜನಕ್ಕಾದರೂ ಅರ್ಥವಾಗಬೇಕು. ಫಿಲ್ಮಿನಲ್ಲಿ ಸೆಕೆಂಡಿಗೆ 24 ಚಿತ್ರ, ಗಂಟೆಗೆ 86,400. ಒಂದೊಂದರಲ್ಲೂ ಗೀರು, ಧೂಳು, ಕಲೆ. ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್ ಅರ್ಧ ತೆಗೆದ ಮೇಲೆ ಉಳಿದದ್ದನ್ನು ಮನುಷ್ಯರೇ ಕೂತು ಸರಿಮಾಡಬೇಕು. ಮೂಲ ನೆಗೆಟಿವ್ ಹಾಳಾದ ಕಡೆ ಇನ್ನೊಂದು ಪ್ರಿಂಟಿನಿಂದ ತಂದು ಸೇರಿಸಬೇಕು. ಕನ್ನಡ ಬಾರದ ಯಾರೋ ತಿಂಗಳುಗಟ್ಟಲೆ ಯಮುನಾಳ ಮುಖದ ಮೇಲಿನ ಗೀರು ಒರೆಸಿದ್ದಾರೆ. ನಾವು ಕನ್ನಡಿಗರು ಅವಳ ಮುಖ ನೋಡಲು ಒಂದು ಭಾನುವಾರ ಕೊಡಲಾರೆವು.

ಇನ್ನು ಎರಡನೆಯ ಮಾತು. "ಆ ಕಾಲ ಹೋಯ್ತು."

ನನ್ನ ಊರು ಕೊಪ್ಪ ತಾಲ್ಲೂಕು. ನಾನು ಏಳನೇ ವಯಸ್ಸಿನವರೆಗೂ ನಮ್ಮ ಮನೆಯಲ್ಲಿ ಸಣ್ಣಜ್ಜಿ ಇದ್ದರು, ನನ್ನ ಮುತ್ತಜ್ಜಿಯ ತಂಗಿ. ಬೋಳು ತಲೆ, ಅದರ ಮೇಲೆ ಹೊದ್ದ ಕೆಂಪು ಸೀರೆ. ಅವರಿಗೆ ಮದುವೆಯಾದದ್ದೂ, ಗಂಡ ಸತ್ತದ್ದೂ ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಆಗ ಅಷ್ಟು ಚಿಕ್ಕವರು. ನೆನಪಿಲ್ಲದ ಆ ಗಂಡನ ಹೆಂಡತಿಯಾಗಿ ಎಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದರು. ನಾನು ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಅವರು ತಾವಾಗಿಯೇ ಎದ್ದು ಬಾಗಿಲ ಹಿಂದೆ ಸರಿದುಬಿಡುತ್ತಿದ್ದರು, ಹೊರಡುವ ಮಗುವಿಗೆ ಎದುರಾಗಬಾರದು ಅಂತ. ಯಾರೂ ಅವರಿಗೆ ಹೇಳುತ್ತಿರಲಿಲ್ಲ. ಹೇಳುವ ಕಾಲ ಎಂದೋ ಮುಗಿದಿತ್ತು. ನಾನು ಚಕ್ಕುಲಿ ಆಸೆಗೆ ಬಾಗಿಲ ಹಿಂದಕ್ಕೇ ಓಡಿ ಹೋಗುತ್ತಿದ್ದೆ, ಅವರು ನಗುತ್ತಾ ನನ್ನನ್ನು ಹೊರಕ್ಕೆ ತಳ್ಳುತ್ತಿದ್ದರು. ‘ಘಟಶ್ರಾದ್ಧ’ ನೋಡಿದ ರಾತ್ರಿ ನನಗೆ ನೆನಪಾದದ್ದು ಆ ತಳ್ಳಿದ ಕೈ. 1990ರ ದಶಕದ ಮಾತಿದು ಗೆಳೆಯರೆ, ಟಿವಿಯಲ್ಲಿ ಸಚಿನ್ ಸೆಂಚುರಿ ಹೊಡೆಯುತ್ತಿದ್ದ ಕಾಲ.

ಕಾನೂನು ಇರಲಿಲ್ಲವೇ? ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತ್ತು. ಕಾನೂನು ಪುಸ್ತಕದಲ್ಲಿತ್ತು, ಸಣ್ಣಜ್ಜಿ ಬಾಗಿಲ ಹಿಂದೆ ಇದ್ದರು. ಹಾಗಾಗಿ ಕಾಲ ತಾನಾಗಿ ಹೋಗುವುದಿಲ್ಲ. ಯಾರೋ ಕತೆ ಬರೆದು, ಯಾರೋ ಚಿತ್ರ ಮಾಡಿ, ಯಾರೋ ಮನೆಯಲ್ಲಿ ಜಗಳ ಮಾಡಿ ಕಳಿಸಿದ ಮೇಲೆ ಹೋಗುತ್ತದೆ.

ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನವರು, ಕಾಸರವಳ್ಳಿಯವರೂ ಅದೇ ತಾಲ್ಲೂಕು. ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ ಅವರೂ ಅದೇ ತೀರ್ಥಹಳ್ಳಿಯವರು. ಅವರು ಬರೆದದ್ದು ತಮ್ಮದೇ ಕುಟುಂಬದ ಒಬ್ಬ ಬಾಲವಿಧವೆಯ ಬದುಕನ್ನು. ಅದನ್ನು ಪ್ರೇಮಾ ಕಾರಂತರು ಚಿತ್ರ ಮಾಡಿದರು, ಎಲ್.ವಿ. ಶಾರದಾ ಫಣಿಯಮ್ಮ ಆದರು. ಅಲ್ಲಿ ಇಡೀ ಬದುಕು ಎಲ್ಲವನ್ನೂ ಸಹಿಸಿದ ಮುದುಕಿ, ತಲೆ ಬೋಳಿಸಿಕೊಳ್ಳಲು ಒಪ್ಪದ ಇನ್ನೊಬ್ಬ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಇವರು ಯಾರೂ ಹೊರಗಿನಿಂದ ಬಂದು ನಮ್ಮ ಮನೆಯ ಕೊಳೆ ತೋರಿಸಿದವರಲ್ಲ. ಇವರದೇ ಮನೆ, ಇವರದೇ ಅಜ್ಜಿಯರು.

ಇಲ್ಲಿ ಒಂದು ಮೇಲ್ ಬರುತ್ತದೆ ಅಂತ ನನಗೆ ಗೊತ್ತು. "ಒಂದೇ ಜಾತಿಯವರನ್ನು ಬೈಯುವ ಚಿತ್ರ, ಇದು ಎಡಪಂಥೀಯರ ಚಾಳಿ" ಅಂತ. ಅದಕ್ಕೆ ಮುಂಚಿತವಾಗಿಯೇ ಉತ್ತರ. ಅದೇ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಮಾಡಿದರು. ಹೆಣ್ಣು ಮಕ್ಕಳನ್ನೇ ಹೆತ್ತಳು ಅಂತ ಗಂಡ ಬಿಟ್ಟು ಹೋದ ಮುಸ್ಲಿಂ ಹೆಂಗಸು, ನ್ಯಾಯ ಕೇಳಿಕೊಂಡು ಮಕ್ಕಳ ಜೊತೆ ಮಸೀದಿಯ ಮುಂದೆ ಕೂರುವ ಕತೆ. ನ್ಯಾಯ ಕೊಡಬೇಕಾದ ಮುತವಲ್ಲಿಗೂ ತನ್ನ ಮರ್ಯಾದೆಯ ಚಿಂತೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಆ ಪಾತ್ರಕ್ಕೆ. ಮೂಲ ಕತೆ ‘ಕರಿ ನಾಗರಗಳು’, ಬರೆದವರು ಬಾನು ಮುಷ್ತಾಕ್. ಹೌದು, 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಅದೇ ಬಾನು ಮುಷ್ತಾಕ್. ಆ ಕತೆಯೂ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅದೇ ಸಂಕಲನದಲ್ಲಿದೆ.

ಬೂಕರ್ ಬಂದ ರಾತ್ರಿ ನಮ್ಮ ಗುಂಪಿನಲ್ಲಿ ಬಂದ ಅಭಿನಂದನೆಗಳನ್ನು ನಾನು ಎಣಿಸಲಿಲ್ಲ, ಫೋನು ಬಿಸಿಯಾಯಿತು. "ಹೆಮ್ಮೆಯ ಕನ್ನಡತಿ", ಬಾವುಟ, ಕೈಮುಗಿದ ಚಿತ್ರ. ಬಹಳ ಸಂತೋಷ. ಆದರೆ ಆ ಪುಸ್ತಕದಲ್ಲಿರುವುದು ಏನು ಮಾರಾಯರೆ? ಬಿಟ್ಟುಹೋದ ಗಂಡಂದಿರು, ಕಣ್ಣು ಮುಚ್ಚಿಕೊಂಡ ಹಿರಿಯರು, ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುವ ಹೆಂಡತಿ. ಲಂಡನ್ನಿನವರು ಒಪ್ಪಿದರೆ ಅದು ನಮ್ಮ ಹೆಮ್ಮೆ. ನಮ್ಮದೇ ಸಂಘದ ಹಾಲಿನಲ್ಲಿ ಹಾಕಿದರೆ ಮರ್ಯಾದೆಗೇಡು. ಈ ಲಾಜಿಕ್ ನನಗೆ ಯಾರಾದರೂ ಬಿಡಿಸಿ ಹೇಳಿ. ಕೋಡ್ ರಿವ್ಯೂನಲ್ಲಿ ಇಂಥದ್ದನ್ನು ನಾನು ಪಾಸ್ ಮಾಡುವುದಿಲ್ಲ.

ಸರಿ, ನಿಜವಾದ ವಿಷಯಕ್ಕೆ ಬರುತ್ತೇನೆ. ಇದುವರೆಗೆ ಬರೆದದ್ದು ಸುಲಭದ ಭಾಗ.

ನಮ್ಮ ಸಂಘದಲ್ಲಿ ಒಬ್ಬರು ಅಕ್ಕ ಇದ್ದಾರೆ. ಹೆಸರು, ಊರು ಬರೆಯುವುದಿಲ್ಲ, ಈ ಪತ್ರ ಕಳಿಸುವ ಮುಂಚೆ ಅವರಿಗೆ ಓದಿ ಹೇಳಿದ್ದೇನೆ. ಭಾನುವಾರದ ಕನ್ನಡ ಕಲಿ ತರಗತಿ ನಾಲ್ಕು ವರ್ಷ ನಡೆಸಿದವರು ಅವರು. ನನ್ನ ಮಗಳು ಅ ಆ ಇ ಈ ತಿದ್ದಿದ್ದು ಅವರ ಕೈಯಲ್ಲಿ. ಮೂರು ವರ್ಷದ ಹಿಂದೆ ಅವರ ಮದುವೆ ಮುರಿಯಿತು. ಯಾರ ತಪ್ಪು ಎಂಬುದು ನನಗೆ ಬೇಡದ ವಿಷಯ. ನಂತರ ನಡೆದದ್ದು ಮಾತ್ರ ಹೇಳುತ್ತೇನೆ. ಯಾರೂ ಅವರನ್ನು ಬೈಯಲಿಲ್ಲ. ಯಾರೂ ಗಡಿಗೆ ಒಡೆಯಲಿಲ್ಲ. ತರಗತಿ "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಅಂತ ಇನ್ನೊಬ್ಬರಿಗೆ ಹೋಯಿತು. ಆ ವರ್ಷದ ವರಮಹಾಲಕ್ಷ್ಮಿಗೆ ಅರಿಸಿನ ಕುಂಕುಮಕ್ಕೆ ಕರೆಯುವ ಮನೆಗಳು ಕಡಿಮೆಯಾದವು. ಮರುವರ್ಷ ಇನ್ನೂ ಕಡಿಮೆ. ಗಂಡ ಮಾತ್ರ ಕ್ರಿಕೆಟ್ ತಂಡದಲ್ಲಿ ಹಾಗೆಯೇ ಇದ್ದಾರೆ, ಓಪನಿಂಗ್ ಬೌಲಿಂಗ್. ಅವರಿಗೆ ಹೊಸ ಸಂಬಂಧ ಹುಡುಕುವ ಉತ್ಸಾಹಿಗಳೂ ಇದ್ದಾರೆ. ಉಡುಪರ ಮರುಮದುವೆಯ ದೃಶ್ಯ ನೆನಪಾಯಿತೆ?

ಮತ್ತು ನಮ್ಮ ಮನೆ. ಕಳೆದ ವರ್ಷ ಸತ್ಯನಾರಾಯಣ ಪೂಜೆಗೆ ನಾನು, ನನ್ನ ಹೆಂಡತಿ ಕೂತು ಪಟ್ಟಿ ಮಾಡಿದೆವು. ಅವರ ಹೆಸರು ಬಂದಾಗ ಇಬ್ಬರೂ ಒಂದು ಕ್ಷಣ ನಿಂತೆವು. "ಅವರಿಗೇ ಮುಜುಗರ ಆಗಬಹುದು, ಬೇರೆಯವರೆಲ್ಲ ಜೋಡಿಯಾಗಿ ಬಂದಿರ್ತಾರೆ" ಅಂದದ್ದು ನಾನು. ಅವಳು ತಲೆಯಾಡಿಸಿದಳು. ಎಷ್ಟು ಒಳ್ಳೆಯ ಜನ ನಾವು, ಅವರ ಮುಜುಗರದ ಬಗ್ಗೆ ಎಷ್ಟು ಚಿಂತೆ! ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಅಳಿಸಿದೆ. ಮಣ್ಣಿನ ಗಡಿಗೆ ಒಡೆದರೆ ಸದ್ದಾದರೂ ಆಗುತ್ತಿತ್ತು.

ಮೊನ್ನೆ ಅವರನ್ನು ಭೇಟಿಯಾಗಿ ಇದನ್ನು ಒಪ್ಪಿಕೊಂಡೆ. ಅವರು ಕಾಫಿ ಸೋಸುತ್ತಾ ಹೇಳಿದರು: "ನನಗೆ ಗೊತ್ತಿತ್ತು ಕಣೋ. ಪಾರ್ಕಿಂಗಿನಲ್ಲಿ ಎಲ್ಲರ ಕಾರೂ ನೋಡಿದ್ದೆ, ಅದೇ ದಾರೀಲಿ ಕಾಸ್ಟ್‌ಕೋಗೆ ಹೋಗ್ತಿದ್ದೆ. ಯಾರಾದ್ರೂ ಬೈದಿದ್ರೆ ತಿರುಗಿ ಬೈಬಹುದಿತ್ತು. ಕರೀದೇ ಇದ್ದವರನ್ನ ಏನಂತ ಬೈಯೋದು?"

ಆಫೀಸಿನಲ್ಲಿ ನನ್ನ ಪಕ್ಕದ ಮರಾಠಿ ಗೆಳೆಯನಿಗೆ ಈ ಚಿತ್ರದ ಹೆಸರು ಹೇಳಿದಾಗ ಅವನು ಒಂದು ಮಾತು ಹೇಳಿದ. ನಮ್ಮಲ್ಲಿ ಬಹಿಷ್ಕಾರದ ಈ ಶ್ರಾದ್ಧಕ್ಕೆ ಘಟಸ್ಫೋಟ ಅಂತಲೂ ಹೇಳುತ್ತಾರಲ್ಲ, ಮರಾಠಿಯಲ್ಲಿ ಘಟಸ್ಫೋಟ ಅಂದರೆ ವಿಚ್ಛೇದನ. ಕೋರ್ಟಿನ ಕಾಗದದಲ್ಲಿ, ಪೇಪರಿನ ಸುದ್ದಿಯಲ್ಲಿ ಅದೇ ಪದ. ನನಗೆ ಆ ದಿನ ಊಟ ಇಳಿಯಲಿಲ್ಲ.

ಇನ್ನು ವೀಸಾ ವಿಷಯ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಡತಿ ಎಚ್-4 ಮೇಲೆ ಬಂದಿದ್ದಾಳೆ? ಆ ವರ್ಗದ ಹೆಸರೇ ಡಿಪೆಂಡೆಂಟ್. ಊರಲ್ಲಿ ಬಿ.ಇ. ಮಾಡಿ ಕೆಲಸದಲ್ಲಿದ್ದವಳು ಇಲ್ಲಿ ಬಂದು ವರ್ಷಗಟ್ಟಲೆ ಕೆಲಸ ಮಾಡುವ ಹಾಗಿಲ್ಲ. 2015ರಿಂದ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ, ಕೆಲವರಿಗೆ ಅವಕಾಶ ಸಿಕ್ಕಿದೆ. ಮದುವೆ ಮುರಿದರೆ? ವಿಚ್ಛೇದನದ ಆದೇಶ ಬಂದ ದಿನ ಅವಳು ಈ ದೇಶದಲ್ಲಿ ಇರುವುದಕ್ಕೆ ಇದ್ದ ಆ ಆಧಾರವೂ ಹೋಗುತ್ತದೆ. ಗಂಡನ ವೀಸಾಕ್ಕೆ ಗೀರೂ ಬೀಳುವುದಿಲ್ಲ. ಇದು ಅಮೆರಿಕದ ಕಾನೂನು, ನಮ್ಮ ಅಗ್ರಹಾರದ್ದಲ್ಲ, ಒಪ್ಪುತ್ತೇನೆ. ಆದರೆ ಗಂಡ ಇದ್ದರೆ ನೀನು ಇದ್ದೀಯ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ ಸಣ್ಣಜ್ಜಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಇಲ್ಲಿ ಅಪ್ಪ ಇಲ್ಲ, ಅಣ್ಣ ಇಲ್ಲ, ಊರಿಲ್ಲ. ಇರುವುದು ಕನ್ನಡ ಸಂಘ ಒಂದೇ. ಆ ಸಂಘದ ಕೆಲಸ ಡೊಳ್ಳು ಬಾರಿಸುವುದು, ಬಿಸಿಬೇಳೆಬಾತ್ ಬಡಿಸುವುದು ಇಷ್ಟೇ ಆದರೆ, ಕನ್ನಡ ಉಳಿಸುತ್ತಿದ್ದೇವೆ ಅಂತ ವರ್ಷಕ್ಕೊಮ್ಮೆ ಭಾಷಣ ಮಾಡುವುದು ಬೇಡ. ಯಾವ ಕನ್ನಡ? ಯಾರ ಜೊತೆ ಮಾತಾಡುವ ಕನ್ನಡ?

ಚಿತ್ರ ತೋರಿಸಿದರೆ ಇದೆಲ್ಲ ಸರಿಹೋಗುತ್ತದಾ ಅಂತ ನೀವು ಕೇಳಬಹುದು. ಹೋಗುವುದಿಲ್ಲ. 1977ರಿಂದ ಚಿತ್ರ ಇದೆ, ನಾನು ಅದನ್ನು ಹಾಸ್ಟೆಲ್ಲಿನಲ್ಲೇ ನೋಡಿದ್ದೆ, ಆದರೂ ಆ ಸಾಲು ಅಳಿಸಿದವನು ನಾನೇ. ಆದರೆ ಅಳಿಸುವಾಗ ಕೈ ಒಂದು ಕ್ಷಣ ನಿಂತಿತಲ್ಲ, ಆ ಒಂದು ಕ್ಷಣ ಎಲ್ಲಿಂದ ಬಂತು ಅಂತ ನನಗೆ ಗೊತ್ತಿದೆ.

ಕಪ್ಪುಬಿಳುಪು ಕಷ್ಟ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಅದೇ ನಿರ್ದೇಶಕರ ‘ದ್ವೀಪ’ ಬಣ್ಣದ್ದು, ಮಳೆ ಸುರಿಯುವ ಚಿತ್ರ, ನಾ. ಡಿಸೋಜರ ಕತೆ. ನಿಮ್ಮೆಲ್ಲರಿಗೂ ಪ್ರಿಯರಾದ ಸೌಂದರ್ಯ ಅದರಲ್ಲಿ ನಟಿಸಿದ್ದಷ್ಟೇ ಅಲ್ಲ, ಸ್ವಂತ ದುಡ್ಡು ಹಾಕಿ ನಿರ್ಮಿಸಿದರು. ಅಣೆಕಟ್ಟಿನ ನೀರು ಏರುವಾಗ ಮನೆ ಉಳಿಸಿಕೊಳ್ಳಲು ರಾತ್ರಿಯೆಲ್ಲ ಒದ್ದಾಡುವವಳು ಹೆಂಡತಿ. ಬೆಳಗಾದ ಮೇಲೆ ಗಂಡ ದೇವರಿಗೆ ಕೈ ಮುಗಿದು, ದೇವರೇ ಕಾಪಾಡಿದ ಅನ್ನುತ್ತಾನೆ. ಅದನ್ನು ನೋಡಿ ಪಕ್ಕದಲ್ಲಿ ಕೂತ ನಿಮ್ಮ ಹೆಂಡತಿಯ ಮುಖ ನೋಡಿ. ನಾನು ನೋಡಿದೆ. ಅವಳು ಏನೂ ಹೇಳಲಿಲ್ಲ, ಪಾತ್ರೆ ತೊಳೆಯಲು ಎದ್ದಳು. ನಾನೂ ಎದ್ದೆ.

ಆದರೆ ನನ್ನ ಪ್ರಸ್ತಾಪ ‘ಘಟಶ್ರಾದ್ಧ’ವೇ, ಬದಲಾಗಿಲ್ಲ. ಸಮಿತಿ ಮತ್ತೆ ಬೇಡ ಅಂದರೆ ಬೇಡ, ಸಂಘದ ಬ್ಯಾನರ್ ಇಲ್ಲದೆ ಮಾಡುತ್ತೇನೆ. ಪ್ರದರ್ಶನದ ಅನುಮತಿ ಕೇಳಿ ಮುಂಬಯಿಗೆ ಬರೆಯುವ ಪತ್ರ ಸಿದ್ಧವಾಗಿದೆ. ಅನುಮತಿ ಸಿಗುವವರೆಗೆ ದಿನಾಂಕ ಹೇಳುವುದಿಲ್ಲ, ಕದ್ದ ಪ್ರತಿ ಹಾಕಿ ತೋರಿಸುವುದೂ ಇಲ್ಲ. ಹನ್ನೆರಡು ವರ್ಷ ಮೇಲ್ಪಟ್ಟ ಮಕ್ಕಳನ್ನು ದಯವಿಟ್ಟು ಕರೆತನ್ನಿ, ಗಂಡು ಮಕ್ಕಳನ್ನು ಮುಖ್ಯವಾಗಿ. ಚಿಕ್ಕವರಿಗೆ ಪಕ್ಕದ ಕೋಣೆಯಲ್ಲಿ ಆಟ, ನೋಡಿಕೊಳ್ಳಲು ಇಬ್ಬರು ಕಾಲೇಜು ಹುಡುಗರು ಒಪ್ಪಿದ್ದಾರೆ.

ಅಕ್ಕನನ್ನು ಕೇಳಿದೆ, ಚಿತ್ರ ಮುಗಿದ ಮೇಲೆ ನೀವು ಎರಡು ಮಾತು ಆಡುತ್ತೀರಾ ಅಂತ. "ನಾನು ಭಾಷಣ ಮಾಡಲ್ಲ. ನೋಡೋಕೆ ಬರ್ತೀನಿ" ಅಂದರು. ಆಮೇಲೆ, "ಕನ್ನಡ ಕಲಿ ಕ್ಲಾಸು ಈಗ ಯಾರು ತಗೋತಿದಾರೆ? ಒತ್ತಕ್ಷರ ಸರಿಯಾಗಿ ಹೇಳಿಕೊಡ್ತಿಲ್ಲ ಅಂತ ಕೇಳಿದೆ" ಅಂದರು. ಸಮಿತಿಯವರು ಈ ಪತ್ರ ಓದುತ್ತಿದ್ದರೆ ಆ ಪ್ರಶ್ನೆಗೆ ಅವರಿಗೇ ಫೋನ್ ಮಾಡಿ ಉತ್ತರ ಕೊಡಲಿ, ನಂಬರು ಬದಲಾಗಿಲ್ಲ.

ಪ್ರೊಜೆಕ್ಟರು ನನ್ನದೇ ಇದೆ. ಹಾಲಿನ ಬಾಡಿಗೆ ಹಂಚಿಕೊಳ್ಳಲು ಇದುವರೆಗೆ ನಾಲ್ಕು ಮನೆಯವರು ಒಪ್ಪಿದ್ದಾರೆ. ಇನ್ನಿಬ್ಬರು ಬೇಕು. ಒಪ್ಪುವವರು ಈ ಮೇಲ್‌ಗೆ ಉತ್ತರಿಸಿ, ಎಷ್ಟು ಜನ ಬರುತ್ತೀರಿ ಅಂತಲೂ ಬರೆಯಿರಿ. ಕುರ್ಚಿ ಲೆಕ್ಕ ಹಾಕಬೇಕು.